ಎರಡು ಅಂಕದಲ್ಲಿ ಫೇಲಾದ ಹೊಟ್ಟೆನೋವು

ನನ್ನ ಮಾವ ಗುರುಸಿದ್ದಯ್ಯನವರು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಎಸ್ಸೆಸ್ಸೆಲ್ಸಿ ಪೇಪರು ತಿದ್ದುವುದರಲ್ಲಿ ಅವರನ್ನು ಬಿಟ್ಟರಿಲ್ಲ ಎಂದು ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ ಇವತ್ತಿಗೂ ಮಾತಿದೆ. ಅವರ ಕೈಯಲ್ಲಿ ಫೇಲಾದವರು ನಮ್ಮ ಬೀದಿಯಲ್ಲೇ ಮೂರು ನಾಲ್ಕು ಜನ ಇದ್ದಾರೆ. ಎದುರು ಸಿಕ್ಕರೆ ಬೈಕ್ ನಿಲ್ಲಿಸಿ ನಮಸ್ಕಾರ ಮಾಡುತ್ತಾರೆ. ಮಾವನ ಲೋಕದಲ್ಲಿ ಅಂಕ ಇಲ್ಲದ ವಸ್ತುವೇ ಇಲ್ಲ. ಬೆಳಗಿನ ಉಪ್ಪಿಟ್ಟಿಗೆ ಹತ್ತಕ್ಕೆ ಆರು, ಪಕ್ಕದ ಮನೆಯ ಗೃಹಪ್ರವೇಶದ ಊಟಕ್ಕೆ ಇಪ್ಪತ್ತೈದಕ್ಕೆ ಹದಿನೆಂಟು. ನನ್ನನ್ನು ನೋಡಲು ಬಂದ ದಿನ ನನಗೂ ಏನೋ ಒಂದು ಹಾಕಿರಬೇಕು, ಎಷ್ಟೆಂದು ಈವರೆಗೆ ಬಾಯಿ ಬಿಟ್ಟಿಲ್ಲ.

ನನ್ನ ಕೆಲಸ ಫೋನಿನದು. ಕರೆಂಟು ಹೋದಾಗ ಜನ ಫೋನ್ ಮಾಡಿ ಬೈಯುವುದಕ್ಕೆ ಒಂದು ಕೇಂದ್ರವಿದೆಯಲ್ಲ, ಅಲ್ಲಿ ಕೂತು ಬೈಸಿಕೊಳ್ಳುವವಳು ನಾನು. ಅವರು ನನ್ನ ಅಪ್ಪ ಅಮ್ಮನನ್ನೆಲ್ಲ ಎಳೆದು ತಂದರೂ ಕೊನೆಗೆ ನಾನು ನಯವಾಗಿ, ನಿಮ್ಮ ದೂರು ದಾಖಲಾಗಿದೆ ಎಂದು ಹೇಳಿ ಒಂದು ನಂಬರು ಕೊಡಬೇಕು. ನಂಬರು ಸಿಕ್ಕ ಕೂಡಲೇ ಮನುಷ್ಯರು ಅರ್ಧ ತಣ್ಣಗಾಗುತ್ತಾರೆ, ಕರೆಂಟು ಬರದಿದ್ದರೂ ಸರಿಯೆ. ಉದಯಗಿರಿಯ ವೆಲ್ಡಿಂಗ್ ಅಂಗಡಿಯವರಿಗೂ ನಾನು ನಂಬರು ಕೊಟ್ಟಿದ್ದೇನೆ, ಬೀದಿದೀಪದ ಕೆಳಗೆ ಹಾವು ನೋಡಿದೆ ಎಂದವರಿಗೂ ಕೊಟ್ಟಿದ್ದೇನೆ. ನನ್ನ ಹೊಟ್ಟೆನೋವಿನ ದೂರಿಗೆ ಮಾತ್ರ ಯಾರೂ ನಂಬರು ಕೊಟ್ಟಿರಲಿಲ್ಲ.

ಒಂಬತ್ತನೇ ಕ್ಲಾಸಿನಲ್ಲಿ ಶುರುವಾದ ನೋವು ಅದು. ತಿಂಗಳಿಗೊಮ್ಮೆ ಬಂದು, ಸೊಂಟದಿಂದ ತೊಡೆಯವರೆಗೆ ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡಿ ಹೋಗುತ್ತಿತ್ತು. ಈಚೆಗೆ ಹೋಗುವುದನ್ನೂ ಮರೆತಿತ್ತು. ಕಂಡ ಡಾಕ್ಟರುಗಳೆಲ್ಲ ಸ್ಕ್ಯಾನ್ ಮಾಡಿಸಿ ನಾರ್ಮಲ್ ಎಂದರು. ಆ ಪದ ಕೇಳಿದರೆ ಈಗಲೂ ನನಗೆ ಮೈ ಉರಿಯುತ್ತದೆ. ಒಬ್ಬರು ಯೋಗ ಮಾಡಿ ಎಂದರು. ಇನ್ನೊಬ್ಬರು ಮಗುವಾದರೆ ಎಲ್ಲ ಸರಿಹೋಗುತ್ತದೆ ಎಂದರು, ಅವರು ನನ್ನ ಅತ್ತೆ ಬೀರಮ್ಮನವರಿಗೆ ಬಹಳ ಹಿಡಿಸಿದರು. ಹೆಣ್ಣಾದ ಮೇಲೆ ಇದೆಲ್ಲ ಇದ್ದದ್ದೇ, ತಾವು ಈ ನೋವಿಟ್ಟುಕೊಂಡೇ ಗದ್ದೆಗಿಳಿದು ನಾಟಿ ಮಾಡಿದ್ದು ಎಂದು ಅತ್ತೆ ಹೇಳುತ್ತಿದ್ದರು. ನನ್ನ ಗಂಡ ಯೋಗೇಂದ್ರ ಪಾಪದವರು. ನೋವಿನ ದಿನ ಬಿಸಿನೀರಿನ ಬ್ಯಾಗು ತಂದುಕೊಟ್ಟು, ಆಮೇಲೆ ಏನು ಮಾಡಬೇಕೆಂದು ತೋಚದೆ ಹೊರಗೆ ಹೋಗಿ ಸ್ಕೂಟರು ಒರೆಸುತ್ತಾರೆ. ನಮ್ಮ ಸ್ಕೂಟರಿನಷ್ಟು ಹೊಳೆಯುವ ಸ್ಕೂಟರು ಆ ಬೀದಿಯಲ್ಲಿ ಇನ್ನೊಂದಿಲ್ಲ.

ಕೊನೆಗೆ ಸಿಕ್ಕವರು ಚಾಮರಾಜಪುರಂನ ಒಂದು ಸಣ್ಣ ನರ್ಸಿಂಗ್ ಹೋಮಿನ ಡಾಕ್ಟರ್ ಸಿಂಚನ. ಅವರು ನನ್ನ ಮಾತನ್ನು ನಡುವೆ ತುಂಡು ಮಾಡದೆ ಪೂರ್ತಿ ಕೇಳಿದರು. ಗರ್ಭಕೋಶದ ಒಳಗಿರಬೇಕಾದ ಪದರದಂಥದ್ದು ಕೆಲವರಿಗೆ ಹೊರಗೂ ಬೆಳೆಯುತ್ತದಂತೆ. ತಿಂಗಳಿಗೊಮ್ಮೆ ಅದೂ ರಕ್ತ ಬಿಡುತ್ತದೆ, ಆದರೆ ಆ ರಕ್ತಕ್ಕೆ ಹೊರಗೆ ಹೋಗುವ ದಾರಿಯಿಲ್ಲ. ಒಳಗೇ ಗಾಯ ಮಾಡಿಕೊಂಡು, ಅಲ್ಲಿರುವುದನ್ನೆಲ್ಲ ಒಂದಕ್ಕೊಂದು ಅಂಟಿಸುತ್ತದೆ. ಅದರ ಹೆಸರು ಎಂಡೊಮೆಟ್ರಿಯೋಸಿಸ್. ಸ್ಕ್ಯಾನಿಗೆ ಎಷ್ಟೋ ಸಲ ಸಿಗುವುದಿಲ್ಲ. ಖಾತ್ರಿಯಾಗಬೇಕಾದರೆ ಹೊಕ್ಕುಳಿನ ಹತ್ತಿರ ಸಣ್ಣ ತೂತು ಮಾಡಿ ಕ್ಯಾಮೆರಾ ಬಿಟ್ಟು ನೋಡಬೇಕು. ಹಾಗೆ ತೂತು ಮಾಡದೆ ಬರೀ ರಕ್ತದಿಂದಲೇ ಕಂಡುಹಿಡಿಯಲು ಆದೀತೇ ಎಂದು ಒಂದು ಸಂಶೋಧನೆ ನಡೆಯುತ್ತಿದೆ, ರಕ್ತದಲ್ಲಿರುವ ಕೆಲವು ಪ್ರೋಟೀನುಗಳನ್ನು ಅಳೆದು ನೂರಕ್ಕೆ ಇಷ್ಟು ಎಂದು ಒಂದು ಸಂಖ್ಯೆ ಕೊಡುತ್ತಾರೆ, ಇಷ್ಟವಿದ್ದರೆ ಸೇರಿಕೊಳ್ಳಿ ಎಂದರು. ಅರವತ್ತು ದಾಟಿದರೆ ಕಾಯಿಲೆ ಇರುವ ಸಂಭವ ಹೆಚ್ಚು. ಕಮ್ಮಿ ಬಂದರೆ ಕಾಯಿಲೆ ಇಲ್ಲವೆಂದು ಅರ್ಥವಲ್ಲ, ಇದಿನ್ನೂ ಪಕ್ಕಾ ಆಗಿರುವ ಪರೀಕ್ಷೆಯಲ್ಲ ಎಂದು ಎರಡೆರಡು ಸಲ ಹೇಳಿದರು.

ಮನೆಗೆ ಬಂದು ಇದನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದೆ. ಮನೆಯವರ ಕಿವಿಗೆ ಬಿದ್ದದ್ದು ನೂರು ಮತ್ತು ಅರವತ್ತು ಮಾತ್ರ.

ಮಾವ ಕುರ್ಚಿಯನ್ನು ಮುಂದಕ್ಕೆಳೆದು ಕೂತರು. ಮದುವೆಯಾಗಿ ಬಂದ ಮೇಲೆ ಮೊದಲ ಸಲ ನನ್ನ ಹೊಟ್ಟೆಯ ವಿಷಯ ಅವರಿಗೆ ಗೊತ್ತಿರುವ ಭಾಷೆಯಲ್ಲಿ ಬಂದಿತ್ತು. ಊಟ ಮುಗಿಯುವುದರೊಳಗೆ ತೀರ್ಮಾನವಾಯಿತು. ಅರವತ್ತು ಬಂದರೆ ಕ್ಯಾಮೆರಾ ಆಪರೇಷನ್ನು, ಯಾರೂ ಅಡ್ಡಮಾತಾಡುವ ಹಾಗಿಲ್ಲ. ಬಾರದಿದ್ದರೆ ಹೊಟ್ಟೆನೋವೆಂದು ಇನ್ನು ನಾನು ಉಸಿರೆತ್ತುವ ಹಾಗಿಲ್ಲ, ಮಗುವಿನ ಕಡೆ ಗಮನ ಕೊಡಬೇಕು. ಮಗು ಆಗುವುದಕ್ಕೆ ಮುಂಚೆ ಹೊಟ್ಟೆಗೆ ಕತ್ತರಿ ಹಾಕಿಸುವುದು ಅತ್ತೆಗೆ ಸುತರಾಂ ಇಷ್ಟವಿರಲಿಲ್ಲ, ಆದರೂ ನೂರಕ್ಕೆ ಅರವತ್ತು ಎಲ್ಲಿ ಬರುತ್ತದೆ ಎಂಬ ಧೈರ್ಯದಲ್ಲಿ ಹೂಂ ಎಂದರು. ಗಂಡ ಎಲ್ಲರೂ ಒಪ್ಪಿದರಲ್ಲ ಎಂದು ನಿಟ್ಟುಸಿರು ಬಿಟ್ಟರು. ನಾನೂ ಒಪ್ಪಿದೆ. ನನಗೂ ಸಾಕಾಗಿತ್ತು. ನನ್ನ ಮಾತನ್ನು ನಂಬದವರು ನನ್ನ ರಕ್ತದ ಮಾತನ್ನಾದರೂ ನಂಬಲಿ ಅನ್ನಿಸಿತು.

ರಕ್ತ ಕೊಟ್ಟು ಬಂದ ಮೇಲೆ ದಿನಾ ಬೆಳಿಗ್ಗೆ ತಾರಸಿ ಹತ್ತಿ, ಬೆಟ್ಟದ ಕಡೆ ತಿರುಗಿ, ತಾಯಿ, ನನಗೆ ಕಾಯಿಲೆ ಇರುವ ಹಾಗೆ ಮಾಡು ಎಂದು ಕೈಮುಗಿಯುತ್ತಿದ್ದೆ. ಅಂಥ ಕೋರಿಕೆ ಆ ತಾಯಿಗೂ ಹೊಸದಿರಬೇಕು.

ಐವತ್ತೆಂಟು ಬಂತು.

ಮಾವ ನನ್ನ ಫೋನು ಇಸಿದುಕೊಂಡು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಸಾವಿನ ಸುದ್ದಿ ಹೇಳುವ ಧ್ವನಿಯಲ್ಲಿ, ಸೆಕೆಂಡ್ ಕ್ಲಾಸು ಎಂದರು. ಎರಡೇ ಅಲ್ಲವೇ ಕಮ್ಮಿ, ಹೋಗಲಿ ಬಿಡಿ ಎಂದು ಗಂಡ ಮೆಲ್ಲಗೆ ಹೇಳಿ ನೋಡಿದರು. ಮಾವ ಕೇಳಲಿಲ್ಲ.

"ಎರಡೇ ಅಂತ ಹೇಳ್ಬೇಡ ಯೋಗೇಂದ್ರ. ಎರಡರಲ್ಲಿ ಹೋದವರನ್ನ ಎಷ್ಟು ಜನಾನ ನೋಡಿಲ್ಲ ನಾನು. ಇವತ್ತು ಒಬ್ಬರಿಗೆ ಕೊಟ್ಟರೆ ನಾಳೆ ಎಲ್ಲರಿಗೂ ಕೊಡಬೇಕಾಗುತ್ತೆ."

ನನ್ನ ಹೊಟ್ಟೆಗೆ ಗ್ರೇಸ್ ಮಾರ್ಕ್ಸ್ ಕೊಟ್ಟರೆ ಮೈಸೂರಿನ ಉಳಿದ ಹೊಟ್ಟೆಗಳಿಗೆಲ್ಲ ಅನ್ಯಾಯವಾಗುತ್ತಿತ್ತು. ಅತ್ತೆ ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿದರು. ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡು ಚಪಾತಿ ಹಿಟ್ಟು ನಾದಿದೆ, ಆ ರಾತ್ರಿಯ ಚಪಾತಿಗೆ ಯಾರೂ ಅಂಕ ಕೊಡಲಿಲ್ಲ.

ಆದರೆ ಮಾವ ನ್ಯಾಯವಂತರು. ಮರುಎಣಿಕೆ ಪ್ರತಿಯೊಬ್ಬ ವಿದ್ಯಾರ್ಥಿಯ ಹಕ್ಕು ಎಂದು ಮರುದಿನ ಇಸ್ತ್ರಿ ಮಾಡಿದ ಷರ್ಟು ತೊಟ್ಟು, ಜೇಬಿಗೆ ಕೆಂಪು ಪೆನ್ನು ಸಿಕ್ಕಿಸಿಕೊಂಡು ಲ್ಯಾಬಿಗೆ ಹೊರಟರು. ಮಾನ ಉಳಿಸಿಕೊಳ್ಳಲು ನಾನೂ ಹಿಂದೆ ಹೋದೆ. ಲ್ಯಾಬಿನ ಮಹದೇವು ಇವರ ಗತ್ತು ನೋಡಿ ಬೆಂಗಳೂರಿನಿಂದ ಬಂದ ಇನ್‌ಸ್ಪೆಕ್ಷನ್ನಿನವರೆಂದು ತಿಳಿದು ಕುರ್ಚಿ ಹಾಕಿ ಟೀ ತರಿಸಿದರು. ಮಾವ ಟೀ ಕುಡಿದು, ಉತ್ತರಪತ್ರಿಕೆಯ ಜೆರಾಕ್ಸ್ ಪ್ರತಿ ಬೇಕು ಎಂದರು. ಮಹದೇವು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಸಕ್ಕರೆ ಕಾಯಿಲೆಯ ಚಿತ್ರ ನೋಡಿದೆ. ರಕ್ತಕ್ಕೆ ಜೆರಾಕ್ಸ್ ಬರುವುದಿಲ್ಲ ಎಂಬುದು ಇತ್ಯರ್ಥವಾಗಲು ಬಹಳ ಹೊತ್ತು ಹಿಡಿಯಿತು. ಕಡೆಗೆ ಯಾವ ಪ್ರೋಟೀನಿಗೆ ಎಷ್ಟು ಸಿಕ್ಕಿದೆ ಎಂಬುದನ್ನೆಲ್ಲ ಹೇಳಿಸಿಕೊಂಡು, ಅಂಗೈ ಮೇಲೆ ಬರೆದುಕೊಂಡು, ಮೇಲಿನಿಂದ ಕೆಳಕ್ಕೊಮ್ಮೆ ಕೆಳಗಿನಿಂದ ಮೇಲಕ್ಕೊಮ್ಮೆ ಕೂಡಿದರು. ಕೂಡಿದ್ದು ಸರಿಯಿದೆ ಎಂದು ಹೇಳುವಾಗ ಅವರ ಧ್ವನಿಯಲ್ಲಿ ದುಃಖವೂ ಇತ್ತು, ಆ ಮೆಷಿನ್ನಿನ ಬಗ್ಗೆ ಸ್ವಲ್ಪ ಗೌರವವೂ ಇತ್ತು.

ಮನೆಗೆ ಬರುವಷ್ಟರಲ್ಲಿ ಸುದ್ದಿ ಬೀದಿ ಸುತ್ತಿತ್ತು. ಮಾವನ ಹತ್ತಿರ ಟ್ಯೂಷನ್ನಿಗೆ ಬರುವ ಮಕ್ಕಳು ಇಂಥದ್ದನ್ನು ಬಿಡುವುದಿಲ್ಲ. ಎದುರುಮನೆ ಭಾಗ್ಯಮ್ಮನವರು ಗೇಟಿನ ಹತ್ತಿರವೇ ನನ್ನ ಕೈ ಹಿಡಿದುಕೊಂಡರು. ಎರಡರಲ್ಲಿ ಹೋಯಿತಂತಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡ, ನಮ್ಮ ಹುಡುಗನೂ ಸಪ್ಲಿಮೆಂಟರಿಯಲ್ಲೇ ಪಾಸಾಗಿದ್ದು ಎಂದು ಬಹಳ ಸಮಾಧಾನ ಹೇಳಿದರು. ಯಾವ ವಿಷಯದಲ್ಲಿ ಹೋಯಿತು ಎಂದು ಅವರು ಕೇಳಲಿಲ್ಲ.

ಕರ್ಮಕ್ಕೆ ಸಪ್ಲಿಮೆಂಟರಿಯೂ ಇತ್ತು. ಈ ಸಂಶೋಧನೆಯವರಿಗೆ ಒಬ್ಬೊಬ್ಬರಿಂದ ಎರಡು ಸಲ ರಕ್ತ ಬೇಕು, ಮುಟ್ಟಿಲ್ಲದಾಗ ಒಮ್ಮೆ, ಮುಟ್ಟಿನ ದಿನ ಒಮ್ಮೆ. ಇದು ತಿಳಿದ ಕೂಡಲೇ ಮಾವನ ಮುಖದಲ್ಲಿ ಕಳೆ ಬಂತು. ಅದಕ್ಕಿಂತ ಆಶ್ಚರ್ಯವೆಂದರೆ ಅತ್ತೆಯದು. ಆಪರೇಷನ್ ತಪ್ಪಿತೆಂದು ದೀಪ ಹಚ್ಚಿದವರು, ಮೇಷ್ಟ್ರ ಮನೆಯಲ್ಲಿ ಫೇಲು ಎಂದು ಬೀದಿಯವರು ಆಡಿಕೊಳ್ಳುವುದನ್ನು ಕೇಳಿ ಸೊಂಟ ಕಟ್ಟಿ ನಿಂತರು.

ನೋವು ಹೆಚ್ಚಿದಷ್ಟೂ ಅಂಕ ಹೆಚ್ಚು ಎಂಬ ಲೆಕ್ಕದಲ್ಲಿ ಗೋಡೆಯ ಮೇಲೆ ಕ್ಯಾಲೆಂಡರಿನ ಪಕ್ಕ ಟೈಂಟೇಬಲ್ ಬಂತು. ಬೆಳಿಗ್ಗೆ ಎಳ್ಳುಂಡೆ, ಮಧ್ಯಾಹ್ನ ಹುರಳಿ ಸಾರು, ಸಂಜೆ ಪರಂಗಿ ಹಣ್ಣು. ಮೈಗೆ ಉಷ್ಣವಾಗುವುದೆಲ್ಲ ನನ್ನ ತಟ್ಟೆಗೆ, ಮಜ್ಜಿಗೆ ಬಂದ್. ನೋವಿನ ಮಾತ್ರೆಗಳನ್ನು ಮಾವ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಬಿಸಿನೀರಿನ ಬ್ಯಾಗು ಅಟ್ಟಕ್ಕೆ ಹೋಯಿತು. ಗಂಡನಿಗೂ ಒಂದು ಜವಾಬ್ದಾರಿ ಬಂತು: ಕೆಲಸಕ್ಕೆ ಬಿಡುವಾಗ ನೇರ ರಸ್ತೆ ಬಿಟ್ಟು, ಹಂಪುಗಳು ಹೆಚ್ಚಿರುವ ರಸ್ತೆಯಲ್ಲೇ ನನ್ನನ್ನು ಕರೆದುಕೊಂಡು ಹೋಗಬೇಕು. ಆ ಮನುಷ್ಯ ಪ್ರತಿ ಹಂಪಿಗೂ ಸಾರಿ ಸಾರಿ ಎನ್ನುತ್ತ ಗಾಡಿ ಹತ್ತಿಸುತ್ತಿದ್ದರು. ಸ್ವಲ್ಪ ಪ್ರಯತ್ನಪಡು, ನಿನ್ನ ಕೈಲಾಗುತ್ತದೆ ಎಂದು ಮಾವ ಬೆನ್ನು ತಟ್ಟುವಂತೆ ಮಾತಾಡುತ್ತಿದ್ದರು. ಇಷ್ಟು ವರ್ಷ ಈ ಮನೆಯಲ್ಲಿ ನೋವನ್ನು ನುಂಗು ಎಂದವರೇ ಈಗ ನೋವು ಮಾಡಿಕೋ ಎನ್ನುತ್ತಿದ್ದರು. ನಿನಗೆ ನೋವೇ ಇಲ್ಲ ಎಂದು ಯಾರೂ ಹೇಳುತ್ತಿರಲಿಲ್ಲ, ಇರುವ ನೋವು ಸಾಲದು ಎನ್ನುತ್ತಿದ್ದರು. ನನಗೆ ಅಳು ಬರುತ್ತಿತ್ತೋ ನಗು ಬರುತ್ತಿತ್ತೋ ಗೊತ್ತಾಗುತ್ತಿರಲಿಲ್ಲ.

ಇಷ್ಟು ಸಾಲದೆಂದು ಒಂದು ಭಾನುವಾರ ಮಾವ ಟಾಪರನ್ನು ಮನೆಗೆ ಕರೆಸಿದರು.

ಅವರ ಹೆಸರು ದೇವಿರಮ್ಮ, ಉದಯಗಿರಿಯಲ್ಲಿ ಬ್ಲೌಸು ಹೊಲಿಯುವವರು. ಮಾವ ಇನ್ನೊಮ್ಮೆ ಲ್ಯಾಬಿಗೆ ಹೋದಾಗ ಇವರು ಅಲ್ಲಿನ ಬೆಂಚಿನ ಮೇಲೆ ಕೂತು, ಕೇಳಿದವರಿಗೂ ಕೇಳದವರಿಗೂ ತಮಗೆ ತೊಂಬತ್ತೊಂದು ಬಂದದ್ದನ್ನು ಹೇಳುತ್ತಿದ್ದರಂತೆ. ಅಷ್ಟು ಅಂಕ ತೆಗೆದವರನ್ನು ಕಂಡು ಸುಮ್ಮನೆ ಬರಲು ಮಾವನಿಗೆ ಮನಸ್ಸಾಗಲಿಲ್ಲ. ದೇವಿರಮ್ಮ ರೇಷ್ಮೆ ಸೀರೆಯುಟ್ಟು ಹೂ ಮುಡಿದು ಬಂದರು. ಅತ್ತೆ ಹೋಳಿಗೆ ಮಾಡಿದ್ದರು. ಮಾವ ಎದುರು ಕೂತು, ಎಷ್ಟು ಹೊತ್ತಿಗೆ ಏಳುತ್ತಿದ್ದಿರಿ, ಏನು ತಿನ್ನುತ್ತಿದ್ದಿರಿ ಎಂದು ಕೇಳುತ್ತ ಹೋದರು, ಆಕೆಯೂ ಪೇಪರಿನಲ್ಲಿ ಫೋಟೊ ಬರುವ ಮಕ್ಕಳ ಹಾಗೆ ಉತ್ತರ ಕೊಡುತ್ತ ಹೋದರು. ತಮ್ಮ ಯಜಮಾನರ ಪ್ರೋತ್ಸಾಹ ಬಹಳವಿತ್ತು, ಅತ್ತೆಯ ಆಶೀರ್ವಾದವೂ ಇತ್ತು, ಇಷ್ಟು ಬರುತ್ತದೆಂದು ತಾವೂ ಅಂದುಕೊಂಡಿರಲಿಲ್ಲ, ತೊಂಬತ್ತರ ಹತ್ತಿರ ನಿರೀಕ್ಷೆಯಿತ್ತು ಎಂದರು. ಕ್ಯಾಮೆರಾ ಆಪರೇಷನ್ನಿನ ವಿಷಯಕ್ಕೆ ಬಂದಾಗ ಸಮಾರಂಭದಲ್ಲಿ ಶಾಲು ಹೊದಿಸಿದ್ದನ್ನು ವಿವರಿಸುವಂತೆ ವಿವರಿಸಿದರು. ಆಮೇಲೆ ನನ್ನ ಕಡೆ ತಿರುಗಿ, ನನ್ನ ಅಂಕ ಕೇಳಿ, ತುಟಿ ಸೊಟ್ಟ ಮಾಡಿದರು.

"ಐವತ್ತೆಂಟಾ? ಪರ್ವಾಗಿಲ್ಲ ಬುಡವ್ವ. ಎಲ್ರ ಕೈಲೂ ಆಯ್ತದಾ?"

ಎದ್ದು ಅವರ ಮುಡಿಯಲ್ಲಿದ್ದ ಹೂವನ್ನು ಕಿತ್ತು ಬಿಸಾಡಬೇಕು ಅನ್ನಿಸಿತು. ಕೈ ತೊಳೆಯಲು ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋದೆ. ನಲ್ಲಿ ತಿರುಗಿಸಿ ಚೊಂಬು ಹಿಡಿದು ನಿಂತಾಗ, ಒಳಗಿನವರಿಗೆ ಕೇಳದ ಹಾಗೆ ಆಕೆ ಒಂದು ಮಾತು ಕೇಳಿದರು.

"ಎಡಗಡೀಕೋ ಬಲಗಡೀಕೋ?"

ಇಷ್ಟು ವರ್ಷದಲ್ಲಿ ಈ ಮನೆಯಲ್ಲಿ ಯಾರೂ ಇದನ್ನು ಕೇಳಿರಲಿಲ್ಲ, ನನ್ನ ತಾಯಿಯೂ ಕೇಳಿರಲಿಲ್ಲ. ಎಡಗಡೆ ಎಂದೆ. ತಮ್ಮದೂ ಅದೇ ಕಡೆ ಇತ್ತು ಎಂದು ಆಕೆ ಹೇಳಿ, ಸೆರಗಿಗೆ ಕೈ ಒರೆಸಿಕೊಂಡು, ಮತ್ತೆ ಟಾಪರ್ ಆಗಿ ನಡುಮನೆಗೆ ನಡೆದರು. ನಾನು ನಲ್ಲಿ ನಿಲ್ಲಿಸದೆ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.

ಪರೀಕ್ಷೆಯ ದಿನ ಬಂತು. ಯಾವಾಗಲೂ ನಾನು ಕೋಣೆಯ ಬಾಗಿಲು ಹಾಕಿಕೊಂಡು, ದಿಂಬು ಕಚ್ಚಿಕೊಂಡು ಮಲಗುವವಳು. ಹೊರಗೆ ಬಂದಾಗ ಮುಖ ತೊಳೆದಿರುತ್ತಿದ್ದೆ. ಆ ಸಲ ಬಾಗಿಲು ಹಾಕುವ ಹಾಗಿರಲಿಲ್ಲ. ಲ್ಯಾಬಿಗೆ ಹೊರಡುವವರೆಗೆ ನಡುಮನೆಯಲ್ಲಿ ಚಾಪೆ ಹಾಸಿ ಮಲಗಿಸಿದರು, ಅತ್ತೆ ಕಾವಲು ಕೂತರು. ಮಾತ್ರೆಯಿಲ್ಲ, ಬಿಸಿನೀರಿಲ್ಲ. ಮೊದಮೊದಲು ಅತ್ತೆ ಹುರುಪಿನಲ್ಲಿದ್ದರು, ಚೆನ್ನಾಗಿ ಬರುತ್ತಿದೆಯಾ ಎಂದು ಕೇಳುತ್ತಿದ್ದರು. ಆಮೇಲೆ ನನಗೆ ಅವರ ಮಾತು ಕೇಳಿಸಲಿಲ್ಲ. ಮೊಣಕಾಲು ಎದೆಗೊತ್ತಿಕೊಂಡು ಚಾಪೆ ಬಿಟ್ಟು ನೆಲಕ್ಕೆ ಉರುಳಿದ್ದು ನೆನಪಿದೆ, ವಾಂತಿಯಾದದ್ದು ನೆನಪಿದೆ, ಕಡ್ಡಿ ಕಿತ್ತು ಬರುವಷ್ಟು ಗಟ್ಟಿಯಾಗಿ ಚಾಪೆಯ ಅಂಚನ್ನು ಹಿಡಿದಿದ್ದು ನೆನಪಿದೆ. ಕಣ್ಣು ಬಿಟ್ಟಾಗ ಅತ್ತೆ ಅಟ್ಟದ ಏಣಿಯ ಮೇಲಿದ್ದರು. ಮಂಡಿ ನೋವಿನ ಹೆಂಗಸು ಏಣಿ ಹತ್ತಿ, ಬಿಸಿನೀರಿನ ಬ್ಯಾಗು ಇಳಿಸಿ ತಂದು ನನ್ನ ಹೊಟ್ಟೆಯ ಮೇಲಿಟ್ಟರು. ಇದು ಕಾಪಿ ಹೊಡೆದ ಹಾಗಾಗುತ್ತದೆ ಎಂದು ಮಾವ ಬಾಗಿಲಲ್ಲಿ ನಿಂತು ಆಕ್ಷೇಪಿಸಿದರು. ಅತ್ತೆ ಅವರ ಕಡೆ ನೋಡಿದ ನೋಟಕ್ಕೆ ಮಾವ ಚಪ್ಪಲಿ ಮೆಟ್ಟಿಕೊಂಡು ಆಟೋ ತರಲು ಹೋದರು.

ನಲವತ್ತೊಂದು ಬಂತು.

ಈ ಸಲ ಮಾವ ಮರುಎಣಿಕೆಯ ಮಾತೆತ್ತಲಿಲ್ಲ. ಮೂವತ್ತೈದಕ್ಕಿಂತ ಮೇಲಿರುವುದರಿಂದ ಪಾಸೆಂದೇನೋ ಹೇಳಬಹುದು, ಆದರೆ ನಮ್ಮ ಒಪ್ಪಂದ ಅರವತ್ತಕ್ಕೆ ಆಗಿತ್ತು ಎಂದರು. ಇನ್ನು ಈ ವಿಷಯ ಇಲ್ಲಿಗೆ ಬಿಡೋಣ ಎಂದರು. ಮಗುವಿನ ಮಾತು ಅವರ ಬಾಯಿಗೆ ಬರುವುದಕ್ಕೆ ಮುಂಚೆ ಅತ್ತೆ ಎದ್ದು ನಿಂತರು.

"ನಾನು ಕಣ್ಣಾರೆ ನೋಡಿವ್ನಿ. ಆ ಹೆಣ್ಮಗ ನೆಲ ಕೆರ್ಕೊಂಡು ಒದ್ದಾಡ್ತಿತ್ತು. ಅದ್ಕೆ ನಲವತ್ತೊಂದು ಕೊಡೋದು ಎಂಥ ತಿದ್ದಾಟ? ನೀವೂ ಇಷ್ಟು ವರ್ಸ ಇಂಗೇ ತಿದ್ತಿದ್ರಾ?"

ಈ ಮನೆಯಲ್ಲಿ ಮಾವ ಪೇಪರು ತಿದ್ದಿದ್ದರ ಬಗ್ಗೆ ಹಾಗೆ ಯಾರೂ ಮಾತಾಡಿರಲಿಲ್ಲ. ಮಾವನ ಮುಖ ಬಿಳಿಚಿಕೊಂಡಿತು. ತಾವು ಮಕ್ಕಳು ಬರೆದದ್ದಕ್ಕೆ ಮಾತ್ರ ಅಂಕ ಕೊಡುತ್ತಿದ್ದವರು, ಬರೆಯಲಾಗದೆ ಉಳಿದದ್ದಕ್ಕೆ ಹೇಗೆ ಕೊಡುವುದು ಎಂದು ಏನೋ ಹೇಳಲು ಹೋಗಿ, ವಾಕ್ಯವನ್ನು ಅರ್ಧಕ್ಕೆ ಬಿಟ್ಟು ಜಗಲಿಗೆ ಹೋಗಿ ಕೂತರು. ಆವತ್ತು ಟ್ಯೂಷನ್ನಿನ ಮಕ್ಕಳನ್ನು ವಾಪಸು ಕಳಿಸಿದರು. ಗಂಡ ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿ ಸ್ಕೂಟರು ಒರೆಸಲು ಹೊರಟಾಗ, ಬಟ್ಟೆ ಕೆಳಗಿಡಿ ಎಂದು ನಾನು ಗದರಿದೆ. ಅವರು ಇಟ್ಟರು.

ಮಾರನೆಯ ದಿನ ಕೆಲಸದ ನಡುವೆ ಡಾಕ್ಟರ್ ಸಿಂಚನ ಅವರಿಗೆ ಫೋನ್ ಮಾಡಿದೆ. ಎರಡೂ ಸಲ ಫೇಲಾದೆ ಎಂದು ಹೇಳುವಾಗ ನನ್ನ ಧ್ವನಿ ಒಡೆಯಿತು. ಅವರಿಗೆ ಮೊದಲು ಅರ್ಥವೇ ಆಗಲಿಲ್ಲ. ಮನೆಯ ಒಪ್ಪಂದ, ಎಳ್ಳುಂಡೆ, ಹಂಪು, ಬೀಗ ಹಾಕಿದ ಮಾತ್ರೆ ಎಲ್ಲ ಹೇಳಬೇಕಾಯಿತು. ಈ ಸಂಖ್ಯೆ ನೋವನ್ನು ಅಳೆಯುವುದೇ ಇಲ್ಲ ಎಂದು ಅವರು ನಿಧಾನವಾಗಿ ಹೇಳಿದರು. ಇಷ್ಟು ಬಂದರೆ ಮಾತ್ರ ಕ್ಯಾಮೆರಾ ಎಂದು ತಾವು ಯಾವತ್ತೂ ಹೇಳಿಲ್ಲ. ನಿಮ್ಮಂಥ ನೋವಿದ್ದು ಒಪ್ಪಿದವರಿಗೆಲ್ಲ, ಅಂಕ ಎಷ್ಟೇ ಬಂದರೂ, ಕ್ಯಾಮೆರಾ ಬಿಟ್ಟು ನೋಡುವುದೆಂದು ಮೊದಲೇ ನಿಗದಿಯಾಗಿದೆ. ಹಾಗೆ ನೋಡಿದರಲ್ಲವೇ ಆ ರಕ್ತ ಪರೀಕ್ಷೆ ನಿಜ ಹೇಳುತ್ತಿದೆಯೋ ಸುಳ್ಳು ಹೇಳುತ್ತಿದೆಯೋ ತಿಳಿಯುವುದು.

"ಪರೀಕ್ಷೆ ಬರೀತಿರೋದು ನೀವಲ್ಲ ವಾಣಿ. ಆ ಟೆಸ್ಟು ಬರೀತಿರೋದು. ಪೇಪರ್ ತಿದ್ದಬೇಕಾಗಿರೋರು ನೀವು."

ಅಷ್ಟರಲ್ಲಿ ನನ್ನ ಮೇಜಿನ ಇನ್ನೊಂದು ಫೋನು ಹೊಡೆದುಕೊಳ್ಳುತ್ತಿತ್ತು. ಎತ್ತಿದೆ. ಯಾರೋ ಕರೆಂಟಿಲ್ಲವೆಂದು ಹಿಗ್ಗಾಮುಗ್ಗಾ ಬೈದರು. ನಾನು ಅಳುತ್ತಲೇ ಅವರ ದೂರು ಬರೆದುಕೊಂಡೆ. ಅವರು ಬೈಯುವುದನ್ನು ನಿಲ್ಲಿಸಿ, ಪರವಾಗಿಲ್ಲಮ್ಮ, ನಿಧಾನಕ್ಕೆ ಬರಲಿ ಕರೆಂಟು ಎಂದರು.

ಆ ಸಂಜೆ ಊಟಕ್ಕೆ ಕೂತಾಗ, ಬರುವ ವಾರ ನನ್ನ ಆಪರೇಷನ್ ಎಂದು ಹೇಳಿದೆ. ಕೇಳಲಿಲ್ಲ, ಹೇಳಿದೆ. ಅತ್ತೆ ನನ್ನ ತಟ್ಟೆಗೆ ಮಜ್ಜಿಗೆ ಹಾಕಿದರು. ಗಂಡ ರಜ ಹಾಕುತ್ತೇನೆ ಎಂದರು. ಮಾವ ತಟ್ಟೆಯಲ್ಲಿ ಬೆರಳಾಡಿಸುತ್ತ ಕೂತಿದ್ದು, ಕ್ಯಾಮೆರಾ ಅಂದರೆ ಕೀ ಆನ್ಸರ್ ಇದ್ದಂತೆ, ಅದನ್ನು ನೋಡದೆ ಮಾತಾಡುವುದು ತಪ್ಪು, ನಾನೂ ಬರುತ್ತೇನೆ ಎಂದರು.

ಎಚ್ಚರವಾದಾಗ ನಾನು ವಾರ್ಡಿನಲ್ಲಿದ್ದೆ. ನಾಲಿಗೆ ಒಣಗಿತ್ತು, ಹೊಟ್ಟೆಯ ಮೇಲೆ ಪ್ಲಾಸ್ಟರುಗಳಿದ್ದವು. ಡಾಕ್ಟರ್ ಸಿಂಚನ ಹಾಸಿಗೆಯ ಪಕ್ಕ ನಿಂತು ಮನೆಯವರಿಗೆ ಹೇಳುತ್ತಿದ್ದರು. ಎಡಗಡೆಯ ಅಂಡಾಶಯ ಹೋಗಿ ಕರುಳಿಗೆ ಅಂಟಿಕೊಂಡಿತ್ತು, ಬಿಡಿಸಿದ್ದೇವೆ; ತೆಗೆಯಲಾಗುವಷ್ಟನ್ನು ತೆಗೆದಿದ್ದೇವೆ; ಔಷಧಿ ಮುಂದುವರಿಸಬೇಕು. ನಾಲ್ಕನೇ ಸ್ಟೇಜು ಎಂದರು. ಒಟ್ಟು ಎಷ್ಟು ಸ್ಟೇಜು ಎಂದು ಮಾವ ಕೇಳಿದರು. ನಾಲ್ಕು ಎಂದರು ಡಾಕ್ಟರು. ಮಾವ ಹಾಸಿಗೆಯ ಕಂಬಿ ಹಿಡಿದುಕೊಂಡರು.

"ನಾಲ್ಕಕ್ಕೆ ನಾಲ್ಕು."

ಅವರ ಕಣ್ಣಲ್ಲಿ ನೀರು ಬಂದಿತ್ತು. ಸ್ಟೇಜು ಎನ್ನುವುದು ಎಷ್ಟು ಹರಡಿದೆ ಎಂದು ಹೇಳುತ್ತದೆ, ಎಷ್ಟು ನೋಯುತ್ತದೆ ಎಂದು ಹೇಳುವುದಿಲ್ಲ, ಒಂದನೇ ಸ್ಟೇಜಿನವರೂ ನಾಲ್ಕರವರಷ್ಟೇ ಒದ್ದಾಡುವುದುಂಟು ಎಂದು ಡಾಕ್ಟರು ಹೇಳಿದ್ದಕ್ಕೆ, ಸಿಲಬಸ್ಸಿನಲ್ಲಿ ಇಲ್ಲದ್ದನ್ನು ಕೇಳುವಂತೆ ತಲೆಯಾಡಿಸಿ, ಹೊರಗೆ ಓಡಿದರು. ಅತ್ತೆ ನನ್ನ ಅಂಗೈ ತಿಕ್ಕುತ್ತ ಕೂತಿದ್ದರು. ನಾನು ಅತ್ತುಬಿಟ್ಟೆ. ಸಂತೋಷಕ್ಕೇ ಅತ್ತದ್ದು, ಸುಳ್ಳೇಕೆ ಹೇಳಲಿ. ಇತ್ತು, ಇದ್ದೇ ಇತ್ತು, ನಾನು ನಾಟಕವಾಡಿರಲಿಲ್ಲ. ಹೊಟ್ಟೆಯೊಳಗೆ ಎಲ್ಲ ಅಂಟಿಕೊಂಡು ಕೂತಿದೆ ಎಂಬ ಸುದ್ದಿಗೆ ಹೀಗೆ ಸಂತೋಷಪಡುವ ಗತಿ ಬಂತಲ್ಲ ಎಂದು ಸಿಟ್ಟು ಉಕ್ಕಿದ್ದು ಆಮೇಲೆ. ಆ ಸಿಟ್ಟು ಇನ್ನೂ ಇದೆ.

ಮಾವ ಪೇಡದ ದೊಡ್ಡ ಡಬ್ಬದೊಂದಿಗೆ ಬಂದರು. ವಾರ್ಡಿನ ತುಂಬ ಹಾಸಿಗೆಯಿಂದ ಹಾಸಿಗೆಗೆ ಹೋಗಿ ಹಂಚಿದರು. ಹೆರಿಗೆ ವಾರ್ಡಿನ ಅಭ್ಯಾಸದಲ್ಲಿ ಯಾರೋ, ಗಂಡೋ ಹೆಣ್ಣೋ ಎಂದು ಕೇಳಿದರು. ಸೊಸೆಗೆ ನಾಲ್ಕಕ್ಕೆ ನಾಲ್ಕು ಬಂದಿದೆ ಎಂದು ಮಾವ ಹೇಳಿದರು. ಆಕೆ ಕೈಯಲ್ಲಿ ಪೇಡ ಹಿಡಿದುಕೊಂಡು ಬಾಯಿ ತೆರೆದುಕೊಂಡೇ ಉಳಿದರು. ಮಾವ ನರ್ಸುಗಳಿಗೆ ಕೊಟ್ಟರು, ಕಸ ಗುಡಿಸುವವರಿಗೆ ಕೊಟ್ಟರು. ನನ್ನ ಪಕ್ಕದ ಹಾಸಿಗೆಯನ್ನು ಮಾತ್ರ ದಾಟಿಕೊಂಡು ಹೋದರು.

ಅಲ್ಲಿದ್ದವಳು ಅನು ಎಂಬ ಹುಡುಗಿ. ನನ್ನಂತೆಯೇ ಆವತ್ತು ಬೆಳಿಗ್ಗೆ ಕ್ಯಾಮೆರಾ ಬಿಡಿಸಿಕೊಂಡವಳು. ಅವಳಿಗೆ ಬಂದದ್ದು ಒಂದನೇ ಸ್ಟೇಜು. ಬರೀ ಒಂದಂತೆ, ಇದಕ್ಕಾ ಇಷ್ಟು ವರ್ಷ ಮನೆಯವರ ಪ್ರಾಣ ತಿಂದದ್ದು ಎಂದು ಅವಳ ತಾಯಿ ಶಿವನಂಜಮ್ಮ ಬ್ಯಾಗಿಗೆ ಬಟ್ಟೆ ತುಂಬುತ್ತ ಹೇಳುತ್ತಿದ್ದರು. ಹುಡುಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನು ಅಳುತ್ತಿರುವುದು ನನಗೆ ಗೊತ್ತಾಗುತ್ತಿತ್ತು.

ಆ ಹಾಸಿಗೆಗೂ ಕೊಡಿ ಎಂದು ಮಾವನನ್ನು ಕರೆದು ಹೇಳಿದೆ. ಮಾವ ನನ್ನ ಹತ್ತಿರ ಬಗ್ಗಿ ದನಿ ತಗ್ಗಿಸಿದರು.

"ಅವರಿಗೆ ಒಂದೇ ಅಂತೆ ಕಣಮ್ಮ. ರಿಸಲ್ಟಿನ ದಿನ ಫೇಲಾದವರ ಮನೆಗೆ ಸಿಹಿ ತಗೊಂಡು ಹೋಗಬಾರದು. ಮನಸ್ಸಿಗೆ ನೋವಾಗುತ್ತೆ."

ನಿಜವಾದ ಕನಿಕರದಿಂದಲೇ ಹೇಳಿದರು. ನಾನು ಏಳಲು ಹೋದೆ, ಹೊಲಿಗೆ ಎಳೆಯಿತು. ಅತ್ತೆ ಭುಜ ಹಿಡಿದರು.

"ಆ ಹುಡುಗಿಗೆ ನೋವಾಗೋಕೆ ಶುರುವಾಗಿ ಎಷ್ಟು ವರ್ಷ ಆಯ್ತು ಅಂತ ಕೇಳಿ ಮಾವ. ಹೋಗಿ ಕೇಳಿ."

ನಾನು ಮಾವನಿಗೆ ಹಾಗೆ ಅಪ್ಪಣೆ ಕೊಟ್ಟದ್ದು ಅದೇ ಮೊದಲು. ಅವರು ಡಬ್ಬ ಹಿಡಿದುಕೊಂಡು ಆ ಹಾಸಿಗೆಯ ಹತ್ತಿರ ಹೋದರು. ಗಂಟಲು ಸರಿಮಾಡಿಕೊಂಡು, ನಾನು ಹೇಳಿದ್ದನ್ನೇ ಕೇಳಿದರು. ಎಂಟು ವರ್ಷ ಎಂದು ಹುಡುಗಿ ಗೋಡೆಗೆ ಹೇಳಿದಳು. ಎಷ್ಟಕ್ಕೆ ಎಂದು ಕೇಳಲು ಮಾವನ ಬಾಯಿ ತೆರೆಯಿತು. ಅದು ನನಗೆ ಇಲ್ಲಿಂದಲೇ ಕಂಡಿತು. ಕೇಳಲಿಲ್ಲ. ಬಾಯಿ ಮುಚ್ಚಿಕೊಂಡು, ಡಬ್ಬದಿಂದ ಒಂದು ಪೇಡ ತೆಗೆದು ಅವಳ ಅಂಗೈಯಲ್ಲಿಟ್ಟರು. ಅವಳು ಈಗ ತಿನ್ನುವ ಹಾಗಿಲ್ಲ ಸಾರ್ ಎಂದು ತಾಯಿ ಹೇಳಿದರು. ಇಟ್ಟುಕೊಂಡಿರಲಿ ಎಂದರು ಮಾವ. ಹುಡುಗಿ ಪೇಡವನ್ನು ಮುಷ್ಟಿಯಲ್ಲಿ ಹಿಡಿದು ಇತ್ತ ತಿರುಗಿ, ಮುಚ್ಚುಮರೆಯಿಲ್ಲದೆ ಅಳತೊಡಗಿದಳು. ಮಾವ ಸ್ಟೂಲು ಎಳೆದುಕೊಂಡು ಅವಳ ಪಕ್ಕ ಕೂತರು.